ವಿಟಮಿನ್ ಹಾಕಿದರೆ ಮಾಯವಾಗುವ ವೃತ್ತ

ಬೇರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಬೇಕಾದಷ್ಟು ಸಿಗುತ್ತವೆ. ತಲೆನೋವು ಶುರುವಾಗುವುದು ಆಮೇಲೆ. 1943ರಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಟಿಬಿ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ ಮೇಲೆ ಊರೂರಿನ ಮಣ್ಣನ್ನೂ ಜನ ಕೆದಕಿದ್ದಾರೆ. ಹಾಗಾಗಿ ನಮಗೆ ಸಿಗುವ ವಸ್ತು ಬಹುಪಾಲು ಯಾರಿಗೋ ಆಗಲೇ ಸಿಕ್ಕಿರುವುದೇ. ಸುಮ್ನೆ ಕೊಲ್ಲುವವರನ್ನೆಲ್ಲ ಗುಡ್ಡೆ ಹಾಕಿ ಏನು ಮಾಡೋದು? ಅದು ಯಾವ ದಾರಿಯಲ್ಲಿ ಕೊಲ್ಲುತ್ತದೆ ಅನ್ನೋದನ್ನು ಮೊದಲ ದಿನವೇ ಕೇಳೋಣ ಅಂತ ನಾನು ಹೊರಟೆ.

ನಾನು ಆರಿಸಿಕೊಂಡ ದಾರಿ ಬಯೋಟಿನ್. ಇದೊಂದು ವಿಟಮಿನ್, ಕಿಣ್ವಗಳಿಗೆ ಕೋಫ್ಯಾಕ್ಟರ್. ಇದು ಜೊತೆಗಿಲ್ಲದಿದ್ದರೆ ಕೆಲವು ಕಿಣ್ವಗಳು ಇದ್ದೂ ಕೆಲಸ ಮಾಡುವುದಿಲ್ಲ. ನಮಗೆ ಬಯೋಟಿನ್ ಊಟದಿಂದ ಬರುತ್ತದೆ. ಟಿಬಿ ಬ್ಯಾಕ್ಟೀರಿಯಾ ತಾನೇ ಮಾಡಿಕೊಳ್ಳಬೇಕು. ಆ ತಯಾರಿಕೆ ನಿಲ್ಲಿಸಿದರೆ ಅದಕ್ಕೆ ಉಳಿಗಾಲವಿಲ್ಲ, ನಮ್ಮ ದೇಹದಲ್ಲಿ ನಿಲ್ಲಿಸೋದಕ್ಕೆ ಆ ತಯಾರಿಕೆಯೇ ಇಲ್ಲ. ಸಲ್ಫಾ ಮಾತ್ರೆಗಳು ಫೋಲೇಟ್ ಎಂಬ ಇನ್ನೊಂದು ವಿಟಮಿನ್ ವಿಷಯದಲ್ಲಿ ಮಾಡುವುದೂ ಇದನ್ನೇ.

ಮಣ್ಣು ತಂದದ್ದು ಪಾಂಡವಪುರದ ಕಡೆಯ ಕಬ್ಬಿನ ಗದ್ದೆಯಿಂದ. ಮೇಲಿನ ತರಗು ಸರಿಸಿ, ಒಂದು ಗೇಣು ಕೆಳಗೆ ಬೇರಿಗೆ ಅಂಟಿದ್ದನ್ನು ತೆಗೆದೆ. ಗದ್ದೆಯ ಯಜಮಾನರು ಬದುವಿನ ಮೇಲೆ ನಿಂತು, “ಮಣ್ ಪರೀಕ್ಷೆಗಾ ಸಾ? ಯೂರಿಯಾ ಎಷ್ಟಾಕ್ಬೇಕು ಯೋಳಿ ಮತ್ತೆ” ಅಂದರು. ಟಿಬಿಗೆ ಔಷಧಿ ಹುಡುಕೋಕೆ ಅಂದಾಗ ನಕ್ಕು, ಎಳನೀರು ಕೆತ್ತಿಕೊಟ್ಟರು.

ಮೈಸೂರಿಗೆ ಬಂದು ಮಣ್ಣನ್ನು ಚೆನ್ನಾಗಿ ಒಣಗಿಸಿದೆ. ಬೇಡದ ಬ್ಯಾಕ್ಟೀರಿಯಾ ಅರ್ಧಕ್ಕರ್ಧ ಅಲ್ಲೇ ಸಾಯುತ್ತವೆ, ಇಂಥ ಔಷಧಿಗಳನ್ನು ಮಾಡುವ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದ ಬೀಜಕಗಳು ತಡೆದುಕೊಳ್ಳುತ್ತವೆ. ಆಮೇಲೆ ಸ್ಟಾರ್ಚ್ ಕೇಸೀನ್ ಅಗಾರ್ ಎಂಬ ಪೋಷಕ ಜೆಲ್ಲಿಯ ತಟ್ಟೆ. ಬೂಸ್ಟು ಬರದಂತೆ ಸೈಕ್ಲೋಹೆಕ್ಸಿಮೈಡ್. ಎರಡೇ ದಿನಕ್ಕೆ ಲೋಳೆಲೋಳೆಯಾಗಿ ಹರಡುವವುಗಳನ್ನು ನೋಡಿ ತಟ್ಟೆ ಬಿಸಾಡಬೇಡಿ, ವಾರ ಬಿಡಿ. ನಮಗೆ ಬೇಕಾದವು ಆಗ ಕಾಣಿಸಿಕೊಳ್ಳುತ್ತವೆ: ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದ ಹಾಗೆ, ಕೆಳಗೆ ತೊಗಲಿನಂತೆ ಗಟ್ಟಿ. ಲೂಪ್ (ತುದಿ ಬಳೆಯಾಗಿಸಿದ ತಂತಿ) ತಗುಲಿಸಿದರೆ ಮೇಲಿನ ಪುಡಿ ಬರುತ್ತದೆ, ಕಾಲೊನಿ ಮಾತ್ರ ಜಪ್ಪಯ್ಯ ಅಂದರೂ ಏಳುವುದಿಲ್ಲ. ಅಗಾರ್ ಸಮೇತ ಅಗೆಯಬೇಕು.

ನಿಜವಾದ ಕೆಲಸ ಪರೀಕ್ಷೆಯದ್ದು. ಟಿಬಿ ಬ್ಯಾಕ್ಟೀರಿಯಾವನ್ನು ಸಾಧಾರಣ ಲ್ಯಾಬ್‌ನಲ್ಲಿ ಮುಟ್ಟುವ ಹಾಗಿಲ್ಲ. ಅದರ ನಿರುಪದ್ರವಿ ನೆಂಟ ಮೈಕೊಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್ ಸಾಕು. ಇದನ್ನು ಎಲ್ಲರೂ ಮಿಡಲ್‌ಬ್ರೂಕ್ 7ಎಚ್9 ದ್ರವದಲ್ಲಿ ಬೆಳೆಸುತ್ತಾರೆ. ಡಬ್ಬಿಯ ಮೇಲಿನ ಪಟ್ಟಿ ಓದಿ ನೋಡಿ, ಅದರಲ್ಲಿ ಬಯೋಟಿನ್ ಇದೆ! ಬಿಟ್ಟಿ ಬಯೋಟಿನ್ ಸಿಗುವಾಗ ಅದರ ತಯಾರಿಕೆ ನಿಂತರೆ ಯಾರಿಗೆ ಏನಾಗಬೇಕು, ಅಲ್ವಾ? ಯೀಸ್ಟ್ ಎಕ್ಸ್‌ಟ್ರಾಕ್ಟ್ ಇರುವ ಯಾವ ಅಗಾರ್‌ನದ್ದೂ ಇದೇ ಕತೆ. ನಾನು ಸಾಟನ್ ಮಾಧ್ಯಮ ಬಳಸಿದೆ. ಆಸ್ಪರಾಜಿನ್, ಗ್ಲಿಸರಾಲ್, ಸಿಟ್ರೇಟ್, ಒಂದಿಷ್ಟು ಲವಣ, ವಿಟಮಿನ್ ಏನೂ ಇಲ್ಲ. ಒಂದೇ ಕಾಲೊನಿಯ ತುಂಡುಗಳನ್ನು ಸ್ಮೆಗ್ಮಾಟಿಸ್ ಹರಡಿದ ಎರಡು ತಟ್ಟೆಗಳಲ್ಲಿಟ್ಟು, ಒಂದಕ್ಕೆ ಮಾತ್ರ ಬಯೋಟಿನ್ ಸೇರಿಸುತ್ತಿದ್ದೆ. ಹೆಚ್ಚಿನವು ಎರಡರಲ್ಲೂ ಕೊಂದವು. ಅವನ್ನು ಬದಿಗಿಟ್ಟೆ. ಬೂದು ಬಣ್ಣದ ಒಂದು ಕಾಲೊನಿ ಬಯೋಟಿನ್ ಇಲ್ಲದ ತಟ್ಟೆಯಲ್ಲಿ ಅಗಲವಾದ ತಿಳಿ ವೃತ್ತ ಬಿಡಿಸಿತ್ತು. ಬಯೋಟಿನ್ ಇದ್ದ ತಟ್ಟೆಯಲ್ಲಿ ಸ್ಮೆಗ್ಮಾಟಿಸ್ ಅದರ ಬುಡದವರೆಗೂ ಬೆಳೆದಿತ್ತು.

ಅದನ್ನು ಜಾಸ್ತಿ ಬೆಳೆಸಿ, ದ್ರವವನ್ನು ಆಮ್ಲೀಯ ಮಾಡಿ ಅದರಲ್ಲಿನ ವಸ್ತುವನ್ನು ಈಥೈಲ್ ಅಸಿಟೇಟ್ ಎಂಬ ದ್ರಾವಕಕ್ಕೆ ಎಳೆದೆ. ಅಣುವಿನ ತೂಕ ಹೇಳುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ 216ರ ಹತ್ತಿರ ಗೆರೆ ಬಂತು. ಅಸಿಡೊಮೈಸಿನ್. 1950ರ ದಶಕದಲ್ಲೇ ಸಿಕ್ಕಿದ್ದ ಹಳೇ ಪರಿಚಯಸ್ಥ.

ಪಿಚ್ಚೆನಿಸಿತು, ನಿಜ. ಆದರೆ ಅಸಿಡೊಮೈಸಿನ್ ಮೂಲೆ ಸೇರಿದ ಕಾರಣ ನನಗೆ ಒಪ್ಪಿಗೆಯಿಲ್ಲ. ತಟ್ಟೆಯಲ್ಲಿ ಗೆದ್ದದ್ದು ಇಲಿಗಳಲ್ಲಿ ಸೋತಿತ್ತು. ಇಲಿಯ ರಕ್ತದಲ್ಲಿ ಬಯೋಟಿನ್ ನಮ್ಮ ರಕ್ತಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಇಲಿಯಲ್ಲಿ ಸೋತಿತು ಅಂತ ಮನುಷ್ಯನಲ್ಲೂ ಸೋಲುತ್ತದೆ ಅನ್ನಲು ಬರುವುದಿಲ್ಲ.

ನನ್ನ ಬೂದು ಕಾಲೊನಿಗೆ ಯಾರೂ ಬಯೋಟಿನ್ ಕೊಟ್ಟಿರಲಿಲ್ಲ. ಆದರೂ ತನ್ನದೇ ವಿಷದ ನಡುವೆ ಚೆನ್ನಾಗಿಯೇ ಬೆಳೆದಿತ್ತು. ಹೇಗೆ ಅಂತ ನೋಡಲು ಈಗ ಜೀನೋಮ್ ಓದಿಸುತ್ತಿದ್ದೇನೆ. ಮೊದಲು ಹುಡುಕುವುದು ಬಯೋಟಿನ್ ಸಿಂಥೇಸ್, ಅಂದರೆ ಅಸಿಡೊಮೈಸಿನ್ ತಡೆಯುವ ಬಯೋಟಿನ್ ತಯಾರಿಕೆಯ ಕಿಣ್ವ, ಅದರ ಜೀನ್‌ನ ಎರಡನೇ ಪ್ರತಿ.