ಈಜುವವರ ಊಟ ಹಿಂದಿನ ರಾತ್ರಿಯೇ ಶುರು

ನನ್ನ ಮಕ್ಕಳು ಈಜಿದರು, ಈಗ ಮೊಮ್ಮಗಳು ಈಜುತ್ತಿದ್ದಾಳೆ. ಇನ್ನೂ ಕತ್ತಲಿರುವಾಗಲೇ ಬ್ಯಾಗ್ ಹೆಗಲಿಗೇರಿಸಿ ಹೊರಡುವವರಿಗೆ ಇಷ್ಟು ವರ್ಷ ಊಟ ಕಟ್ಟಿಕೊಟ್ಟಿದ್ದೇನೆ. ಅರ್ಧ ಅಭ್ಯಾಸ ಮುಗಿಯುವಷ್ಟರಲ್ಲಿ ಕೈ ಸೋತು ಬಂತು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ: ನಿನ್ನೆ ರಾತ್ರಿ ಏನು ತಿಂದೆ?

ಅನ್ನ, ಬ್ರೆಡ್, ಆಲೂಗಡ್ಡೆ, ಹಣ್ಣುಗಳಲ್ಲಿರುವ ಕಾರ್ಬೋಹೈಡ್ರೇಟನ್ನು ದೇಹ ಗ್ಲೈಕೋಜೆನ್ ಮಾಡಿ ಕೂಡಿಡುತ್ತದೆ. ದೊಡ್ಡವರಲ್ಲಿ ಮಾಂಸಖಂಡಗಳಲ್ಲಿ ಸುಮಾರು 400 ಗ್ರಾಂ, ಲಿವರ್‌ನಲ್ಲಿ ಸುಮಾರು 100 ಗ್ರಾಂ, ಅಷ್ಟೇ ದಾಸ್ತಾನು. ನಾವು ಮಲಗಿದ್ದರೂ ಮೆದುಳು ಸುಮ್ನೆ ಇರುವುದಿಲ್ಲ. ಲಿವರ್‌ನ ಪಾಲನ್ನು ರಾತ್ರಿಯಿಡೀ ಖರ್ಚು ಮಾಡುತ್ತಲೇ ಇರುತ್ತದೆ. ರಾತ್ರಿ ಒಂದು ಬಟ್ಟಲು ತರಕಾರಿ ಮಾತ್ರ ತಿಂದು ಮಲಗಿ, ಬೆಳಗ್ಗೆ ಬರಿ ಹೊಟ್ಟೆಯಲ್ಲಿ ನೀರಿಗಿಳಿದರೆ ಕೈ ಸೋಲದೆ ಇನ್ನೇನು? ತೂಕ ಇಳಿಸಬೇಕೆಂದು ಅನ್ನ ಬಿಟ್ಟ ಮಕ್ಕಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಅಳತೆಗೆ ತಟ್ಟೆಯೇ ಸಾಕು. ಜಾಸ್ತಿ ಈಜುವ ದಿನ ಅರ್ಧ ತಟ್ಟೆ ಅನ್ನವೋ ಬ್ರೆಡ್ಡೋ ಇರಲಿ. ಕಾಲು ಭಾಗ ಬೇಳೆ, ಮೊಟ್ಟೆ, ಮೀನು ಅಥವಾ ಕೋಳಿ. ಉಳಿದದ್ದು ತರಕಾರಿ. ಕಡಿಮೆ ಈಜುವ ದಿನ ಅನ್ನವನ್ನು ಕಾಲು ಭಾಗಕ್ಕೆ ಇಳಿಸಿ, ತರಕಾರಿಯನ್ನು ಅರ್ಧಕ್ಕೆ ಏರಿಸಿ.

ಇನ್ನು ಬೆಳಗಿನ ಮಾತು. ಈಜುವವರು ನೀರಿನಲ್ಲಿ ಅಡ್ಡಡ್ಡ ಇರುತ್ತಾರೆ, ಗೋಡೆ ಹತ್ತಿರ ಪಲ್ಟಿ ಹೊಡೆದು ತಿರುಗುತ್ತಾರೆ. ಹೊಟ್ಟೆ ಬಿರಿಯುವಷ್ಟು ತಿಂದಿದ್ದರೆ ತಿಂದದ್ದು ಗಂಟಲಿಗೆ ಬರುತ್ತದೆ. ಪೂರ್ತಿ ಊಟ ಆದಮೇಲೆ ಮೂರು ಗಂಟೆ ಬಿಟ್ಟು ನೀರಿಗಿಳಿಯುವುದು ಒಳ್ಳೆಯದು. ಬೆಳಗಿನ ಜಾವದಲ್ಲಿ ಅಷ್ಟು ಹೊತ್ತು ಎಲ್ಲಿದೆ? ಅದಕ್ಕೇ ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣು, ಇಲ್ಲವೇ ಜೇನುತುಪ್ಪ ಸವರಿದ ಒಂದು ತುಂಡು ಬ್ರೆಡ್ ಕೊಡುತ್ತೇನೆ. ಬೆಣ್ಣೆ, ಕರಿದದ್ದು ಆಗ ಬೇಡ. ಜಿಡ್ಡು ಹೊಟ್ಟೆಯಿಂದ ಇಳಿಯಲು ಹೊತ್ತು ಹಿಡಿಯುತ್ತದೆ. ಬೆಳಗ್ಗೆ ಏನೂ ಸೇರುವುದಿಲ್ಲ ಅನ್ನುವ ಮಕ್ಕಳೂ ಇರುತ್ತಾರೆ. ಅವರಿಗೆ ಎರಡು ತುತ್ತು ಹಣ್ಣಿನಿಂದ ಶುರು ಮಾಡಿ. ಕೆಲವು ವಾರಗಳಲ್ಲಿ ಹೊಟ್ಟೆಗೆ ಅಭ್ಯಾಸವಾಗುತ್ತದೆ.

ನೀರಿನಲ್ಲಿದ್ದರೂ ಬೆವರುತ್ತದೆ. ಮೈ ಒದ್ದೆಯಿರುವುದರಿಂದ ಗೊತ್ತಾಗುವುದಿಲ್ಲ, ಅಷ್ಟೇ. ಕೊಳದ ಅಂಚಿನಲ್ಲಿ ಬಾಟಲಿ ಇಟ್ಟು ಆಗಾಗ ಎರಡು ಗುಟುಕು ಕುಡಿಯಲಿ. ಮನೆಗೆ ಬಂದಮೇಲೆ ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲಲಿಲ್ಲ ಎಂದು ತಿಳಿಯಿರಿ. ಒಂದು ಗಂಟೆ ಮೀರಿ ಜೋರಾಗಿ ಈಜುವವರಿಗೆ ಬರೀ ನೀರು ಸಾಕಾಗುವುದಿಲ್ಲ. ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಸ್ವಲ್ಪ ನಿಂಬೆರಸ ಬೆರೆಸಿಕೊಡಿ. ಬಾಟಲಿಯ ಹೊಳೆಯುವ ಬಣ್ಣದ ಪಾನೀಯಕ್ಕೆ ದುಡ್ಡು ಹಾಕಬೇಕಾಗಿಲ್ಲ.

ತಣ್ಣೀರಿನಿಂದ ಎದ್ದು ಬಂದಾಗ ವಿಪರೀತ ಹಸಿವಾಗುತ್ತದೆ, ಅಲ್ವಾ? ಆಗ ಕೈಗೆ ಸಿಕ್ಕಿದ ಬಿಸ್ಕತ್ತು, ಚಿಪ್ಸ್ ಹೊಟ್ಟೆ ಸೇರುತ್ತದೆ. ಬೈದರೆ ಪ್ರಯೋಜನವಿಲ್ಲ, ಬ್ಯಾಗಿನಲ್ಲಿ ಒಳ್ಳೆಯದನ್ನು ಇಟ್ಟು ಕಳಿಸಬೇಕು. ಎರಡು ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು ಸೇರಿದರೆ ಸುಮಾರು 20 ಗ್ರಾಂ ಪ್ರೋಟೀನ್ ಸಿಗುತ್ತದೆ. ಜೊತೆಗೆ ಹಣ್ಣೋ ಬ್ರೆಡ್ಡೋ ಇರಲಿ. ಸಂಜೆ ಮತ್ತೆ ಅಭ್ಯಾಸ ಇದ್ದರೆ ಇದನ್ನು ತಡ ಮಾಡಲೇಬೇಡಿ, ಖಾಲಿಯಾದ ದಾಸ್ತಾನು ತುಂಬಲು ಇರುವುದು ಅಷ್ಟೇ ಹೊತ್ತು.

ಒಂದು ಮಾತನ್ನು ಹೆಣ್ಣುಮಕ್ಕಳ ಮನೆಯವರಿಗೆ ಒತ್ತಿ ಹೇಳುತ್ತೇನೆ. ನನ್ನ ಮಗಳು ಹದಿನೈದರ ಹುಡುಗಿಯಾಗಿದ್ದಾಗ ಚೆನ್ನಾಗಿ ತಿಂದರೂ ಸುಸ್ತು ಎನ್ನುತ್ತಿದ್ದಳು. ಸೋಮಾರಿತನ ಎಂದುಕೊಂಡು ನಾನು ಗದರಿದೆ. ತಿಂಗಳುಗಳ ಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ ಕಬ್ಬಿಣದ ಅಂಶ ತೀರಾ ಕಡಿಮೆ ಇತ್ತು. ಮುಟ್ಟು ಶುರುವಾದ ಮೇಲೆ ಹೀಗಾಗುವುದು ಅಪರೂಪವಲ್ಲ. ಆ ಗದರಿಕೆ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಬೇಳೆ, ಕಾಳು, ಸೊಪ್ಪು ತಿನ್ನುವಾಗ ಜೊತೆಗೆ ನಿಂಬೆಯೋ ಕಿತ್ತಳೆಯೋ ಇರಲಿ, ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಟೀ, ಕಾಫಿ ಅದನ್ನು ತಡೆಯುತ್ತವೆ, ಊಟ ಆಗಿ ಒಂದು ಗಂಟೆ ಬಿಟ್ಟು ಕುಡಿಯಿರಿ. ಆದರೆ ಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆ ಕೊಡಬೇಡಿ, ಕಬ್ಬಿಣ ಜಾಸ್ತಿಯಾದರೂ ಕೆಡುಕು.

ಸ್ಪರ್ಧೆಯ ದಿನ ಹೊಸದೇನನ್ನೂ ತಿನ್ನಿಸಬೇಡಿ. ಅಭ್ಯಾಸದ ದಿನಗಳಲ್ಲಿ ಒಗ್ಗಿದ ತಿಂಡಿಯನ್ನೇ ಡಬ್ಬಿಗೆ ಹಾಕಿ, ಎರಡು ಸರದಿಗಳ ನಡುವೆ ಸ್ವಲ್ಪ ಸ್ವಲ್ಪ ತಿನ್ನಲಿ.