ಕರಡಿ ಕಾಡಿನಲ್ಲಿ ಸದ್ದು ಮಾಡುತ್ತಾ ನಡೆಯಿರಿ

ಜಪಾನಿನ ಅಕಿತಾ ಪ್ರಾಂತ್ಯದ ಕಜುನೊ ಸುತ್ತಮುತ್ತ ಮೇ, ಜೂನ್ ಬಂತೆಂದರೆ ಕಳಲೆ ಕಾಲ. ಬೆಟ್ಟದ ಸಣ್ಣ ಬಿದಿರಿನ ಎಳೆ ಕಳಲೆ ಎಂದರೆ ಊರವರಿಗೂ ಪ್ರಾಣ, ಕಪ್ಪು ಕರಡಿಗೂ ಪ್ರಾಣ. ನಾಲ್ಕು ಹೆಜ್ಜೆ ಆಚೆಯದೂ ಕಾಣದ ಮೆಳೆಯೊಳಗೆ ಇಬ್ಬರೂ ತಲೆ ತಗ್ಗಿಸಿ ಕಳಲೆ ಮುರಿಯುತ್ತಿರುತ್ತಾರೆ. 2016ರಲ್ಲಿ ಹೀಗೆ ಹೋದ ನಾಲ್ವರು ಕರಡಿಗೆ ಬಲಿಯಾದರು.

ಎದೆಯ ಮೇಲೆ ಬಿದಿಗೆ ಚಂದ್ರನಂಥ ಬಿಳಿ ಪಟ್ಟೆಯ ಈ ಕರಡಿ, ಮನುಷ್ಯನ ಸುಳಿವು ಸಿಕ್ಕರೆ ಸಾಮಾನ್ಯವಾಗಿ ತಾನೇ ಸರಿದುಹೋಗುತ್ತದೆ. ಬೆಚ್ಚಿಬಿದ್ದರೆ ಅಥವಾ ಮರಿ ಜೊತೆಗಿದ್ದರೆ ಮಾತ್ರ ಅಪಾಯ ಹೆಚ್ಚು. ಆದ್ದರಿಂದ ಅದನ್ನು ಬೆಚ್ಚಿಬೀಳಿಸದಿರುವುದೇ ನಮ್ಮ ಮೊದಲ ಕೆಲಸ.

ಹೊರಡುವ ಮುನ್ನ ಪ್ರಾಂತ್ಯ ಸರ್ಕಾರದ ‘ಕುಮಾದಾಸು’ ಆನ್‌ಲೈನ್ ನಕ್ಷೆ ನೋಡಿ. ಕರಡಿ ಎಲ್ಲಿ, ಯಾವಾಗ ಕಂಡಿತು ಎಂಬುದು ಅದರಲ್ಲಿರುತ್ತದೆ. ನೀವು ಹೋಗಬೇಕಾದ ದಾರಿಯಲ್ಲಿ ಈಚೆಗೆ ಕಂಡಿದ್ದರೆ ಹೋಗಬೇಡಿ. ಒಬ್ಬರೇ ಹೋಗಬೇಡಿ, ನಸುಕಿನಲ್ಲಿ, ಮುಸ್ಸಂಜೆಯಲ್ಲಂತೂ ಬೇಡವೇ ಬೇಡ.

ಬ್ಯಾಗಿಗೆ ಗಂಟೆ ಕಟ್ಟಿಕೊಳ್ಳಿ. ಆದರೆ ಹಳ್ಳದ ಬದಿಯಲ್ಲಿ, ಗಾಳಿ ಬೀಸುವಲ್ಲಿ ಗಂಟೆಯನ್ನೇ ನಂಬಬೇಡಿ. ನೀರಿನ ಮೊರೆತದಲ್ಲಿ ಅದು ಕೇಳಿಸುವುದಿಲ್ಲ. ಅಲ್ಲಿ ಚಪ್ಪಾಳೆ ತಟ್ಟಿ, ಜೋರಾಗಿ ಮಾತಾಡಿ. ಕರಡಿ ಸ್ಪ್ರೇ, ಅಂದರೆ ಕರಡಿಯ ಮೂತಿಗೆ ಸಿಂಪಡಿಸುವ ಮೆಣಸಿನ ಖಾರದ ಡಬ್ಬಿ, ಬ್ಯಾಗಿನ ಒಳಗಿದ್ದರೆ ಇದ್ದೂ ಇಲ್ಲದಂತೆ, ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ವಿಮಾನದಲ್ಲಿ ಅದನ್ನು ಒಯ್ಯಲು ಬಿಡುವುದಿಲ್ಲ, ಜಪಾನಿನಲ್ಲೇ ಕೊಳ್ಳಬೇಕು.

ದೂರದಲ್ಲಿ ಕರಡಿ ಕಂಡರೆ ಕೂಗಬೇಡಿ, ಓಡಬೇಡಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡಬಲ್ಲ ಪ್ರಾಣಿ ಅದು. ಕಣ್ಣು ಅದರ ಕಡೆಗೇ ಇಟ್ಟು ಮೆಲ್ಲಗೆ ಹಿಂದೆ ಸರಿಯಿರಿ. ಮರಿಯೊಂದೇ ಕಂಡರೂ ತಾಯಿ ಅಲ್ಲೇ ಇದೆ ಎಂದುಕೊಳ್ಳಿ. ನುಗ್ಗಿ ಬಂದರೆ ಐದಾರು ಮೀಟರ್ ಹತ್ತಿರವಾದಾಗ ಮೂತಿಗೆ ಗುರಿಯಿಟ್ಟು ಸ್ಪ್ರೇ ಮಾಡಿ. ಅದೂ ಆಗದಿದ್ದರೆ ಬೋರಲು ಮಲಗಿ, ಎರಡೂ ಕೈಗಳಿಂದ ಕುತ್ತಿಗೆಯ ಹಿಂಭಾಗ ಮುಚ್ಚಿಕೊಳ್ಳಿ, ಬ್ಯಾಗು ಬೆನ್ನ ಮೇಲೆಯೇ ಇರಲಿ. ಈ ಕರಡಿ ಹೆಚ್ಚಾಗಿ ಮುಖಕ್ಕೇ ಕೈ ಹಾಕುತ್ತದೆ. ಬದುಕಿ ಬಂದವರಲ್ಲೂ ಕಣ್ಣು ಕಳೆದುಕೊಂಡವರಿದ್ದಾರೆ. ಮುಖವನ್ನು ನೆಲಕ್ಕೆ ಒತ್ತಿಯೇ ಇರಿ.

ಊರೊಳಗಿನ ಕೆಲಸ ಬೇರೆ. ಕರಡಿಗೆ ಮೇವಾಗುವ ಕಾಡಿನ ಬೂನಾ (ಬೀಚ್) ಮರ ಕಾಯಿ ಬಿಡದ ವರ್ಷ ಕರಡಿಗಳು ಹಸಿದು ಕೆಳಗಿಳಿಯುತ್ತವೆ. 2023 ಅಂಥದೊಂದು ವರ್ಷ. 2024ರ ಮಾರ್ಚ್‌ವರೆಗಿನ ಹನ್ನೆರಡು ತಿಂಗಳಲ್ಲಿ ದೇಶದಲ್ಲಿ 219 ಮಂದಿ ದಾಳಿಗೊಳಗಾದರು, ಆರು ಜನ ಸತ್ತರು. 2025ರ ನವೆಂಬರ್‌ನಲ್ಲಂತೂ ಬೋನು ಸಾಗಿಸಿ ಇಡುವುದಕ್ಕೆ ಸೈನಿಕರೇ ಕಜುನೊಗೆ ಬರಬೇಕಾಯಿತು.

ಕರಡಿಯನ್ನು ಅಂಗಳಕ್ಕೆ ಕರೆಯುವುದು ಕಾಕಿ (ಪರ್ಸಿಮನ್) ಹಣ್ಣು. ಮಕ್ಕಳು ಪಟ್ಟಣ ಸೇರಿ, ಮುದುಕರಷ್ಟೇ ಉಳಿದ ಮನೆಗಳಲ್ಲಿ ಕೀಳುವವರಿಲ್ಲದೆ ಹಣ್ಣು ಮರದಲ್ಲೇ ಕೆಂಪಾಗಿ ತೂಗುತ್ತದೆ. ತೊಗಟೆಯ ಮೇಲೆ ಉಗುರಿನ ಗೀರುಗಳು, ಕೊಂಬೆಗಳೆಲ್ಲ ಒಳಕ್ಕೆ ಮುರಿದಿವೆ ಎಂದರೆ ಕರಡಿ ಹತ್ತಿ ಕೂತಿತ್ತೆಂದೇ ಅರ್ಥ. ಅಂಥಲ್ಲಿ ಉಳಿದ ಹಣ್ಣನ್ನು ಅಕ್ಕಪಕ್ಕದವರು ಸೇರಿ ಕಿತ್ತುಬಿಡಬೇಕು. ಕೀಳಲಾಗದಿದ್ದರೆ ಕಾಂಡಕ್ಕೆ ನುಣುಪಾದ ತಗಡು ಸುತ್ತಿ, ಉಗುರು ಜಾರುತ್ತದೆ. ಪಕ್ಕದ ಮರದಿಂದಲೋ ಮಾಡಿನಿಂದಲೋ ದಾಟಿ ಬರಲು ಕೊಂಬೆ ಸಿಗದಂತೆ ಸವರಿಡಿ.