ಹೆಲ್ಮೆಟ್ಟು, ರೇನ್‌ಕೋಟು, ಪಂಕ್ಚರ್ ಕಿಟ್ಟು: ಮಲೆನಾಡಲ್ಲಿ ಬೈಕ್ ಓಡಿಸೋಕೆ ನಾನು ಕೊಂಡಿದ್ದು

ಹೊಸದಾಗಿ ಬೈಕ್ ತಗೊಂಡವರು ಮೊದಲು ಕೇಳೋದು ಜಾಕೆಟ್ ಬಗ್ಗೆ. ಯಾವ ಕಂಪನಿದು, ಎಷ್ಟು ಸಾವಿರ, ಮೊಣಕೈಗೆ ಪ್ಯಾಡ್ ಇದೆಯಾ ಅಂತ. ನಾನು ತಿರುಗಿ ಟೈರ್ ಹೇಗಿದೆ, ರೇನ್‌ಕೋಟ್ ಯಾವುದು ಅಂತ ಕೇಳುತ್ತೇನೆ. ಮುಖ ಸಪ್ಪಗಾಗುತ್ತದೆ. ಏನು ಮಾಡೋದು, ವಿಡಿಯೋಗಳಲ್ಲಿ ಬರುವ ಪಟ್ಟಿಗಳೆಲ್ಲ ಬಿಸಿಲೂರಿನವರು ಮಾಡಿದ್ದು. ನಮ್ಮ ಕಡೆ ವರ್ಷದಲ್ಲಿ ನಾಲ್ಕು ತಿಂಗಳು ನೀರಲ್ಲೇ ಓಡಿಸಬೇಕು. ಹಾಗಾಗಿ ನಾನು ದುಡ್ಡು ಹಾಕಿದ ಕ್ರಮವೇ ಬೇರೆ.

ನನ್ನ ಮನೆ ತೀರ್ಥಹಳ್ಳಿ ಕಡೆ, ಕೆಲಸ ಶಿವಮೊಗ್ಗದಲ್ಲಿ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಹೆಚ್ಚುಕಮ್ಮಿ 60 ಕಿಲೋಮೀಟರ್ ದಾರಿ. ನಮ್ಮ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಶಿವಮೊಗ್ಗ ಊರಿಗೆ ಬೀಳೋದು ಅದರ ಕಾಲುಭಾಗವೂ ಅಲ್ಲ. ಮನೆಯಿಂದ ಹೊರಟಾಗ ಧೋ ಅಂತ ಸುರಿಯುತ್ತಿರುತ್ತದೆ, ಗಾಜನೂರು ದಾಟುವಾಗ ರಸ್ತೆ ಒಣಗಿರುತ್ತದೆ. ಶಿವಮೊಗ್ಗದ ಗೋಪಿ ಸರ್ಕಲ್‌ನಲ್ಲಿ ಒದ್ದೆ ರೇನ್‌ಕೋಟಲ್ಲಿ ಸಿಗ್ನಲ್‌ಗೆ ನಿಂತರೆ ಜನ ನಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ.

ಹೆಲ್ಮೆಟ್ ಮೊದಲು. ಇದರಲ್ಲಿ ಚರ್ಚೆಯೇ ಇಲ್ಲ. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವಂತೆಯೇ ಇಲ್ಲ, ಆದರೂ ರಸ್ತೆ ಬದಿ ಹಗ್ಗಕ್ಕೆ ನೇತುಹಾಕಿ ಮಾರುವುದು ನಿಂತಿಲ್ಲ. ನಾನು ತಗೊಂಡಿದ್ದು ಪೂರ್ತಿ ಮುಖ ಮುಚ್ಚುವಂಥದ್ದು. ಅಂಗಡಿಗೆ ಹೋಗುವ ಮೊದಲು ಹುಬ್ಬಿನ ಸ್ವಲ್ಪ ಮೇಲೆ ಟೇಪ್ ಸುತ್ತಿ ತಲೆ ಅಳತೆ ತಗೊಂಡೆ. ಹಾಕಿಕೊಂಡಾಗ ಕೆನ್ನೆ ಒತ್ತಬೇಕು. ಹೆಲ್ಮೆಟ್ ಹಿಡಿದು ಅತ್ತಿತ್ತ ತಿರುಗಿಸಿದರೆ ಮುಖದ ಚರ್ಮವೂ ಜೊತೆಗೆ ಬರಬೇಕು. ಅದು ಮಾತ್ರ ತಿರುಗಿ ಮುಖ ಅಲ್ಲೇ ಉಳಿದರೆ ಸೈಜ್ ದೊಡ್ಡದು. ಅಂಗಡಿಯವರು ‘ಲೂಸಿದ್ದರೆ ಆರಾಮ’ ಅನ್ನುತ್ತಾರೆ, ಕೇಳಬೇಡಿ.

ಮುಖದ ಮುಂದೆ ಬರುವ ವೈಸರ್ ಮಾತ್ರ ಬಣ್ಣವಿಲ್ಲದ್ದೇ ಇರಲಿ. ಕಪ್ಪು ವೈಸರ್ ಚೆಂದ ಕಾಣುತ್ತದೆ, ನಿಜ. ಆದರೆ ಜುಲೈನಲ್ಲಿ ಸಂಜೆ ಐದಕ್ಕೇ ಮಂಡಗದ್ದೆ ಕಾಡಿನೊಳಗೆ ಕತ್ತಲಾಗಿರುತ್ತದೆ. ಇನ್ನೊಂದು ಕಾಟ ಒಳಗಿನ ಮಂಜು. ನಮ್ಮ ಬಿಸಿ ಉಸಿರು ತಣ್ಣನೆ ವೈಸರ್‌ಗೆ ತಾಗಿ ಹನಿಗಟ್ಟುತ್ತದೆ, ಕನ್ನಡಕ ಇದ್ದರೆ ಡಬಲ್ ಕಷ್ಟ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಒಂದು ಹನಿ ವೈಸರ್ ಒಳಗಡೆ ಸವರಿ, ಮೆತ್ತನೆ ಬಟ್ಟೆಯಲ್ಲಿ ಪೂರ್ತಿ ಕಾಣೆಯಾಗುವವರೆಗೆ ಒರೆಸುತ್ತೇನೆ. ಶಿವಮೊಗ್ಗ ಮುಟ್ಟುವ ತನಕ ತಡೆಯುತ್ತದೆ. ನಿಧಾನಕ್ಕೆ ಹೋಗುವಾಗ ವೈಸರ್ ಒಂದು ಹಲ್ಲಿನಷ್ಟು ಎತ್ತಿಟ್ಟರೂ ಸಾಕು. ದುಡ್ಡಿದ್ದರೆ ಪಿನ್‌ಲಾಕ್ ಅನ್ನುವ ಒಳಪದರ ಸಿಗುತ್ತದೆ, ಅದಕ್ಕೆ ಹೊಂದುವ ಹೆಲ್ಮೆಟ್ಟೇ ಆಗಬೇಕು.

ಒದ್ದೆ ಹೆಲ್ಮೆಟ್ ಒಣಗಿಸೋದು ಮಳೆಗಾಲದ ನಿತ್ಯದ ಕೆಲಸ. ಬಚ್ಚಲ ಒಲೆ ಹತ್ತಿರ ಇಡೋದು ನಮ್ಮ ಮನೆಗಳ ರೂಢಿ. ಕಂಬಳಿ, ಅಂಗಿ ಎಲ್ಲ ಅಲ್ಲೇ ಒಣಗುತ್ತವಲ್ಲ. ಹೆಲ್ಮೆಟ್‌ಗೆ ಅದು ಆಗಿಬರುವುದಿಲ್ಲ. ಬಿದ್ದಾಗ ಪೆಟ್ಟು ತಿನ್ನೋದು ಒಳಗಿನ ಥರ್ಮೋಕೋಲ್, ಜೋರು ಬಿಸಿಗೆ ಅದೇ ಹಾಳಾಗುತ್ತದೆ. ನಾನು ಒಳಗಿನ ಬಟ್ಟೆ ಬಿಚ್ಚಿ ಅದನ್ನು ಮಾತ್ರ ಒಲೆ ಕಡೆ ಹಾಕುತ್ತೇನೆ, ಚಿಪ್ಪನ್ನು ಫ್ಯಾನ್ ಕೆಳಗೆ ಇಡುತ್ತೇನೆ. ಕರೆಂಟ್ ಇದ್ದರೆ! ಹಾಗಾಗಿ ಕೊಳ್ಳುವಾಗಲೇ ಒಳಬಟ್ಟೆ ಬಿಚ್ಚಲು ಬರುತ್ತದಾ ನೋಡಿ.

ರೇನ್‌ಕೋಟ್ ಅಂದರೆ ಪ್ಯಾಂಟು ಶರ್ಟು ಬೇರೆ ಬೇರೆ ಇರುವಂಥದ್ದೇ ಬೇಕು. ಮೇಲಿಂದ ಇಳಿಬಿಡುವ ಕೊಪ್ಪೆ ಥರದ್ದು ತೋಟಕ್ಕೆ ಸರಿ, ಬೈಕಿನಲ್ಲಿ ಗಾಳಿಗೆ ಹಾರಿ ಚಕ್ರದ ಕಡೆ ಹೋಗುತ್ತದೆ. ಒಳಮಗ್ಗುಲು ತಿರುಗಿಸಿ ಹೊಲಿಗೆ ಮೇಲೆ ಟೇಪ್ ಅಂಟಿಸಿದ್ದಾರಾ ನೋಡಿ. ಟೇಪ್ ಇಲ್ಲದಿದ್ದರೆ ಎಷ್ಟೇ ದಪ್ಪ ಬಟ್ಟೆಯಾದರೂ ನೀರು ಹೊಲಿಗೆಯಲ್ಲೇ ಇಳಿಯುತ್ತದೆ, ಅದೂ ಸೀಟಿಗೆ ತಾಗುವ ಜಾಗದಲ್ಲೇ. ಬಣ್ಣ ಹಳದಿ ಅಥವಾ ಕಿತ್ತಳೆ. ಶಿವಮೊಗ್ಗದ ಗಾಂಧಿ ಬಜಾರಲ್ಲಿ ನನಗೆ ಮೊದಲು ತೋರಿಸಿದ್ದೆಲ್ಲ ಕಪ್ಪು, ನೀಲಿ. ಮಳೆಯಲ್ಲಿ ಎದುರಿನ ಬಸ್ಸಿನ ಡ್ರೈವರ್‌ಗೆ ಕಪ್ಪು ಕೋಟು ಕಾಣೋದೇ ಇಲ್ಲ.

ಗ್ಲೌಸಿನ ತೋಳಿನ ಮೇಲೆ ಕೋಟಿನ ತೋಳು ಬರಬೇಕು, ಶೂ ಮೇಲೆ ಪ್ಯಾಂಟ್ ಬರಬೇಕು. ಇದು ಉಲ್ಟಾ ಆದರೆ ನೀರೆಲ್ಲ ಒಳಗೆ. ಗ್ಲೌಸ್ ಬೇಕೇ ಬೇಕು, ಬೀಳುವಾಗ ಕೈ ತಾನಾಗಿ ನೆಲಕ್ಕೆ ಹೋಗುತ್ತದೆ. ಚರ್ಮದ್ದು ನಮ್ಮ ಹವೆಗೆ ವಾರದಲ್ಲೇ ಬೂಷ್ಟು ಹಿಡಿಯುತ್ತದೆ. ಅಂಗೈ ಜಾಗದಲ್ಲಿ ಗಟ್ಟಿ ಪ್ಯಾಡ್ ಇರುವ ಬಟ್ಟೆಯದ್ದು ಸಾಕು. ಆಶ್ಲೇಷ ಮಳೆ ಹಿಡಿದುಬಿಟ್ಟರೆ ಒಳಗೆ ಮೆಡಿಕಲ್ ಶಾಪಿನ ತೆಳು ರಬ್ಬರಿನಂಥ ನೈಟ್ರೈಲ್ ಗ್ಲೌಸ್ ಹಾಕುತ್ತೇನೆ. ಹೊರಗಿನದು ಪೂರ್ತಿ ನೆಂದರೂ ಬೆರಳು ಮರಗಟ್ಟುವುದಿಲ್ಲ, ಬ್ರೇಕ್ ಹಿಡಿಯಲು ಬರುತ್ತದೆ. ಅದೇ ಅಲ್ವಾ ಬೇಕಾಗಿರೋದು.

ಈಗ ಟೈರ್. ಇದನ್ನು ಯಾರೂ ಸುರಕ್ಷತೆಯ ಸಾಮಾನು ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ, ನಾನು ಜಾಕೆಟ್‌ಗಿಂತ ಮೊದಲು ದುಡ್ಡು ಹಾಕಿದ್ದು ಇದಕ್ಕೇ. ಟೈರಿನ ಗೀರುಗಳ ನಡುವೆ ಸಣ್ಣ ರಬ್ಬರ್ ಉಬ್ಬು ಇರುತ್ತದೆ, ಅದರ ನೇರಕ್ಕೆ ಪಕ್ಕದಲ್ಲಿ ಟಿ ಡಬ್ಲ್ಯೂ ಐ ಅಂತಲೋ ಬಾಣದ ಗುರುತೋ ಇರುತ್ತದೆ. ಮೇಲ್ಮೈ ಸವೆದು ಆ ಉಬ್ಬಿಗೆ ಸಮ ಆದರೆ ಟೈರ್ ಮುಗಿಯಿತು ಅಂತ ಅರ್ಥ. ನಾನು ಅಲ್ಲಿವರೆಗೂ ಕಾಯುವುದಿಲ್ಲ, ಮಳೆಗಾಲಕ್ಕೆ ಮುಂಚೆಯೇ ಬದಲಾಯಿಸುತ್ತೇನೆ. ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಬೇಕು. ಎಷ್ಟಿರಬೇಕು ಅಂತ ಬೈಕಿನ ಮ್ಯಾನ್ಯುಯಲ್‌ನಲ್ಲೇ ಬರೆದಿದೆ, ಪಂಪಿನ ಹುಡುಗನ ಅಂದಾಜು ಬೇಡ.

ಪಂಕ್ಚರ್ ಕಿಟ್ಟು ಟ್ಯೂಬ್‌ಲೆಸ್ ಟೈರಿಗೆ ಮಾತ್ರ. ಟ್ಯೂಬ್ ಇದ್ದರೆ ಚಕ್ರ ಬಿಚ್ಚಬೇಕು, ಅದು ಬೇರೆ ಪುರಾಣ. ಕಿಟ್ಟನ್ನು ಕೊಂಡು ಸುಮ್ನೆ ಡಿಕ್ಕಿಯಲ್ಲಿ ಇಡಬೇಡಿ. ನಾನು ಕಲಿತಿದ್ದು ಅಂಗಳದಲ್ಲಿ, ಬಿಸಾಡುವ ಹಳೇ ಟೈರಿನ ಮೇಲೆ. ಮೊಳೆ ಯಾವ ಓರೆಯಲ್ಲಿ ಹೋಗಿದೆ ನೋಡಿಕೊಂಡು ಇಕ್ಕಳದಲ್ಲಿ ಕೀಳಬೇಕು. ಅದೇ ಓರೆಯಲ್ಲಿ ಉಜ್ಜುವ ಸೂಜಿಯನ್ನು ತಿರುಗಿಸುತ್ತಾ ಒಳಗೆ ಹೊರಗೆ ಆಡಿಸಬೇಕು. ತೂತು ದೊಡ್ಡದಾಗುತ್ತಲ್ಲ ಅಂತ ಹೆದರಿಕೆ ಆಗುತ್ತದೆ, ಆಗಲಿ. ಅಂಟುಪಟ್ಟಿಯನ್ನು ಕಣ್ಣಿರುವ ಸೂಜಿಗೆ ಪೋಣಿಸಿ, ಗಮ್ ಹಚ್ಚಿ, ಎರಡೂ ತುದಿ ಬೆರಳಗಲ ಹೊರಗೆ ಉಳಿಯುವ ಹಾಗೆ ಒತ್ತಬೇಕು. ಆಮೇಲೆ ಒಂದೇ ಜಗ್ಗಿಗೆ ಸೂಜಿ ಎಳೆಯಬೇಕು. ನಿಧಾನಕ್ಕೆ ಎಳೆದರೆ ಪಟ್ಟಿಯೂ ಜೊತೆಗೆ ಬಂದುಬಿಡುತ್ತದೆ. ಗಾಳಿ ತುಂಬಿ ಎಂಜಲು ಸವರಿ ಗುಳ್ಳೆ ಬರುತ್ತದಾ ನೋಡಿದರೆ ಕೆಲಸ ಮುಗಿಯಿತು. ಗಾಳಿಗೆ ಕಾಲಲ್ಲಿ ತುಳಿಯುವ ಪಂಪ್ ಇಟ್ಟಿದ್ದೇನೆ, ಚಾರ್ಜ್ ಮಾಡುವ ಗೋಜಿಲ್ಲ.

ಇದರ ಜೊತೆಗೆ ಹಣೆಗೆ ಕಟ್ಟುವ ಟಾರ್ಚ್. ಮೊಬೈಲ್ ಟಾರ್ಚ್ ಹಿಡಿದರೆ ಒಂದು ಕೈ ಹೋಯಿತು, ಮಳೆಯಲ್ಲಿ ಮೊಬೈಲೂ ಹೋಯಿತು. ಒಂದು ಕ್ಲಚ್ ಕೇಬಲ್, ಎರಡು ಫ್ಯೂಸ್, ಬೈಕಿನ ಜೊತೆ ಬಂದ ಸ್ಪ್ಯಾನರ್, ಕಾಗದಪತ್ರದ ಜೆರಾಕ್ಸ್ ಜಿಪ್ ಕವರಲ್ಲಿ. ಸಣ್ಣ ಡಬ್ಬಿಯಲ್ಲಿ ಉಪ್ಪು, ಉಂಬಳ ಅಂದರೆ ಜಿಗಣೆ ಬಿಡಿಸೋಕೆ. ರಸ್ತೆ ಬದಿ ಹುಲ್ಲಲ್ಲಿ ಹತ್ತು ನಿಮಿಷ ಕೂತರೆ ಉಂಬಳ ಶೂ ಒಳಗೆ ಇರುತ್ತದೆ, ಹೊರಗಿನವರು ಈ ಡಬ್ಬಿ ನೋಡಿ ನಗುತ್ತಾರೆ.

ಮಳೆ ಚೈನಿನ ಎಣ್ಣೆ ತೊಳೆದುಬಿಡುತ್ತದೆ. ಎರಡು ಮೂರು ದಿನ ನೆಂದ ಮೇಲೆ ಕೀಚ್ ಕೀಚ್ ಶುರು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, 90 ನಂಬರಿನ ದಪ್ಪ ಗೇರ್ ಆಯಿಲ್ ಸವರುತ್ತೇನೆ. ಚಕ್ರವನ್ನು ಕೈಯಲ್ಲೇ ತಿರುಗಿಸಬೇಕು. ಇಂಜಿನ್ ಆನ್ ಮಾಡಿ ಗೇರಿಗೆ ಹಾಕಿ ಚೈನ್ ಒರೆಸುವವರನ್ನು ನೋಡಿದ್ದೇನೆ, ಬೆರಳು ಸಿಕ್ಕಿದರೆ ಕಥೆ ಮುಗಿಯಿತು.

ಈ ಯಾವ ಸಾಮಾನೂ ಕೆಲಸಕ್ಕೆ ಬಾರದ ಒಂದು ಜಾಗ ಇದೆ. ಕೊಯ್ಲು ಶುರುವಾದ ಮೇಲೆ ರಸ್ತೆ ಬದಿ ರಾಶಿ ಹಾಕುವ ಅಡಿಕೆ ಸಿಪ್ಪೆ. ಕೊಳೆತು ರಸ್ತೆಗೆ ಹರಡಿ ಇಬ್ಬನಿ ಬಿದ್ದರೆ ಎಂಥಾ ಹೊಸ ಟೈರೂ ಜಾರುತ್ತದೆ. ಅಲ್ಲಿ ಬ್ರೇಕ್ ಮುಟ್ಟದೆ, ಗಾಡಿ ವಾಲಿಸದೆ, ನೆಟ್ಟಗೆ ದಾಟುತ್ತೇನೆ. ನಮ್ಮವರೇ ಹಾಕೋದು, ಹೇಳಿದರೆ ‘ಇನ್ನೆಲ್ಲಿ ಹಾಕೋದು’ ಅನ್ನುತ್ತಾರೆ.

ಎರಡನೇ ಹೆಲ್ಮೆಟ್ ಕೂಡ ಜಾಕೆಟ್‌ಗಿಂತ ಮೊದಲೇ ತಗೊಂಡೆ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ ಅಂತ ನಮ್ಮ ರಾಜ್ಯದಲ್ಲಿ 2016ರಲ್ಲೇ ಜಾರಿಗೆ ತಂದರು. ಜಾಕೆಟ್ ಕೊಂಡಿದ್ದು ಎಲ್ಲದಕ್ಕೂ ಕೊನೆಗೆ, ಅದೂ ಬಲೆ ಬಟ್ಟೆಯದ್ದು. ಭುಜ, ಮೊಣಕೈಗೆ ಸಿಇ ಅನ್ನುವ ಯುರೋಪಿನ ಸುರಕ್ಷತಾ ಗುರುತಿನ ಪ್ಯಾಡ್ ಇದೆ. ಮಳೆಗಾಲದಲ್ಲಿ ಅದರ ಮೇಲೆ ಹಳದಿ ಕೋಟು ಬರುತ್ತದೆ, ಅದಕ್ಕೇ ಕೋಟನ್ನು ಒಂದು ಸೈಜ್ ದೊಡ್ಡದೇ ತಗೊಂಡಿದ್ದೆ. ನೀವೂ ರೇನ್‌ಕೋಟ್ ಕೊಳ್ಳುವ ದಿನವೇ ಆ ಲೆಕ್ಕ ಹಾಕಿಬಿಡಿ.